ಸರ್ಕಾರದ ಮೇಲೆ ಒಂದು ಹಾರ್ನಿನ ದಾವೆ

ನಮ್ಮಪ್ಪನಿಗೆ ಮಕ್ಕಳು ಇಬ್ಬರೇ, ನಾನು ಮತ್ತು ನನ್ನ ತಮ್ಮ. ಆದರೆ ಹೊನ್ನಾಳಿಯ ಆ ಮನೆಯಲ್ಲಿ ಬೆಳೆದದ್ದು ಮೂವರು. ಮೂರನೆಯದು ಅಪ್ಪ ಸರ್ಕಾರದ ಮೇಲೆ ಹಾಕಿದ ದಾವೆ. ನಾನು ಮದುವೆಯಾಗಿ ಜಗಳೂರಿಗೆ ಹೋದೆ, ತಮ್ಮ ಕಿರಾಣಿ ಅಂಗಡಿ ಇಟ್ಟ. ದಾವೆ ಮಾತ್ರ ಇದ್ದಲ್ಲೇ ಇತ್ತು, ಮನೆಯ ಮುದ್ದೆಲ್ಲ ಅದಕ್ಕೇ! ನಮ್ಮಿಬ್ಬರ ಹುಟ್ಟಿದ ದಿನ ಅಪ್ಪನಿಗೆ ನೆನಪಿರಲಿಲ್ಲ. ದಾವೆಯ ನಂಬರು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಅಪ್ಪನದು ಮೈಕ್ ಸೆಟ್ ಅಂಗಡಿ. ಈ ಕಸುಬಿನಲ್ಲಿ ರಸೀದಿ ಎಂಬುದಿರಲಿಲ್ಲ. ಬಂದವರು ಎಲೆ ಅಡಿಕೆ ಕೈಗಿಟ್ಟು "ಸೋಮವಾರ ನಮ್ಮ ಮನ್ಯಾಗ ಮದುವಿ ಐತೆ" ಅಂದರೆ ಮುಗಿಯಿತು. ಎಲೆ ಅಡಿಕೆ ಹಿಡಿದ ಮೇಲೆ ಜ್ವರ ಬಂದಿದ್ದರೂ ಅಪ್ಪ ಹೋಗುತ್ತಿದ್ದ.

ಎಪ್ಪತ್ತರ ದಶಕದ ನಡುವೆ ನ್ಯಾಮತಿಯಲ್ಲಿ ಸರ್ಕಾರದ ಒಂದು ಶಿಬಿರ ನಡೆಯಿತು. ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಮೈಕ್ ಬೇಕು ಅಂದರು. ಸರ್ಕಾರವೂ ಒಂದು ಮದುವೆ ಮನೆಯೇ ಅಂದುಕೊಂಡನೋ ಏನೋ, ಅಪ್ಪ "ಎಲೆ ಅಡಿಕೆ ಕೊಡ್ರಿ ಸಾಹೇಬ್ರೇ" ಅಂದ. ಅವರು ಪಕ್ಕದ ಬೀಡಾ ಅಂಗಡಿಯಿಂದ ತರಿಸಿ ಕೊಟ್ಟರು. ಅಪ್ಪ ಬಾಯಿಗೆ ಹಾಕಿಕೊಂಡ. ಕರಾರು ಆಯಿತು.

ಆಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ವೈರು ಎಳೆಯುವುದಕ್ಕೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಮೈಕಿನ ಎರಡು ಹಾರ್ನ್ ಕಂಬಕ್ಕೆ ಕಟ್ಟಿ ಬಂದೆವು. ಮೂರನೆಯ ದಿನ ಬಿಚ್ಚಲು ಹೋದರೆ ಒಂದೇ ಇತ್ತು. ಸಾಹೇಬರು "ಅರ್ಜಿ ಕೊಡ್ರಿ, ಕೊಡಿಸೋಣ" ಅಂದರು. ಅರ್ಜಿ ಕೊಡುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಬಾಡಿಗೆಯೂ ಬರಲಿಲ್ಲ, ಹಾರ್ನೂ ಬರಲಿಲ್ಲ.

ಅಪ್ಪ ವಕೀಲರ ಹತ್ತಿರ ಹೋದ. ಸರ್ಕಾರದ ಮೇಲೆ ದಾವೆ ಹಾಕಬೇಕಾದರೆ ಎರಡು ತಿಂಗಳು ಮುಂಚೆ ನೋಟೀಸು ಕೊಡಬೇಕು ಅಂತ ಅವರು ತಿಳಿಸಿ ಹೇಳಿದರು.

"ನನ್ನ ಹಾರ್ನ್ ಹೋಗಾಕೆ ಮುಂಚೆ ಅವರೇನು ನೋಟೀಸ್ ಕೊಟ್ಟಿದ್ರೇನ್ರಿ?" ಅಂದ ಅಪ್ಪ.

ಕೊನೆಗೆ ನೋಟೀಸು ಹೋಯಿತು, ದಾವೆಯೂ ದಾಖಲಾಯಿತು. ಅಲ್ಲಿಗೆ ನಿಂತಿದ್ದರೆ ಅರ್ಧ ದುಡ್ಡಿಗೆ ರಾಜಿಯಾಗಿ ನಾವೆಲ್ಲ ಸುಖವಾಗಿರುತ್ತಿದ್ದೆವು. ಆದರೆ ಸರ್ಕಾರದ ಕಡೆಯಿಂದ ಜವಾಬು ಬಂತು. ಮೈಕನ್ನು ಯಾರೂ ಬಾಡಿಗೆಗೆ ಪಡೆದೇ ಇಲ್ಲ, ವಾದಿ ಹೇಳುವುದೆಲ್ಲ ಸುಳ್ಳು ಅಂತ ಅದರಲ್ಲಿ ಬರೆದಿತ್ತು. ಅಪ್ಪ ನನ್ನ ಕೈಯಲ್ಲಿ ಅದನ್ನು ಮೂರು ಸಲ ಓದಿಸಿದ.

ವಕೀಲರು ಸಮಾಧಾನ ಮಾಡಿದರು. "ಅದು ಎಲ್ಲಾ ಜವಾಬಿನಾಗೂ ಇರ್ತದ್ರಿ. ಯಾರು ದಾವೆ ಹಾಕಿದ್ರೂ ಹಂಗೇ ಬರೀತಾರೆ."

"ಸುಳ್ಳು ಅಂತ ಮೊದಲೇ ಅಚ್ಚು ಹಾಕಿಸಿಟ್ಕೊಂಡಾರೇನ್ರಿ? ದುಡ್ಡು ಹೋಗ್ಲಿ. ಆ ಮಾತು ವಾಪಸ್ ತಗೊಳ್ಳಾಕೆ ಹೇಳ್ರಿ."

ಸರ್ಕಾರ ದುಡ್ಡನ್ನಾದರೂ ವಾಪಸ್ ಕೊಟ್ಟೀತು, ಮಾತನ್ನು ವಾಪಸ್ ತೆಗೆದುಕೊಳ್ಳುತ್ತದೆಯೇ? ನಾನೂ ತಮ್ಮನೂ ಹೇಳಿ ಹೇಳಿ ಸೋತೆವು.

ಮದುವೆಯಾದ ಮೇಲಾದರೂ ಬಿಡುಗಡೆ ಸಿಕ್ಕಿತು ಅಂದುಕೊಂಡಿದ್ದೆ. ಎಲ್ಲಿಯದು! ತಿಂಗಳಿಗೊಂದು ಸಲ ಅಪ್ಪ ಎರಡು ಬಸ್ಸು ಬದಲಿಸಿ, ಕೈಚೀಲದಲ್ಲಿ ಕಾಗದ ತುಂಬಿಕೊಂಡು ಜಗಳೂರಿಗೆ ಬರುತ್ತಿದ್ದ. ಮೊಮ್ಮಗಳ ತಲೆ ಸವರಿ, ನೀರು ಕುಡಿದು, "ಒಂದು ಅರ್ಜಿ ಐತೆ, ಬರಿಯವ್ವ" ಅನ್ನುತ್ತಿದ್ದ. ಒಲೆಯ ಮೇಲಿನ ಅನ್ನ ಸೀದರೂ ಅರ್ಜಿ ಮುಗಿಯಬೇಕು. ಒಂದು ಸಲ ನನ್ನ ಗಂಡ ತಡೆಯಲಾರದೆ ಕೇಳಿದರು.

"ಮಾವ, ಹೊನ್ನಾಳ್ಯಾಗ ಬರೆಯೋರು ಯಾರೂ ಇಲ್ವಾ?"

"ಅದಾರಪ್ಪ. ಅವರಿಗೆ ದುಡ್ಡು ಕೊಡಬೇಕಲ್ಲ."

"ಬಸ್ಸಿನೋರು ನಿಮ್ಮನ್ನ ಪುಕ್ಕಟೆ ಕರ್ಕೊಂಡು ಬಂದ್ರಾ?"

ಅಪ್ಪ ಇನ್ನೊಂದು ಲೋಟ ಚಹಾ ಕೇಳಿದ.

ಅಪ್ಪನ ವಿಚಾರಣೆಯ ದಿನ ನಡೆದದ್ದನ್ನು ತಮ್ಮ ನನಗೆ ಹೇಳಿದ. ಕರಾರಿಗೆ ದಾಖಲೆ ಏನಿದೆ ಅಂತ ಸರ್ಕಾರಿ ವಕೀಲರು ಕೇಳಿದರಂತೆ.

"ಎಲೆ ಅಡಿಕೆ ಕೊಟ್ಟಿದ್ರು ಸ್ವಾಮಿ."

"ಅದು ಎಲ್ಲಿದೆ?"

"ತಿಂದೆ."

ಕೋರ್ಟಿಗೆ ಕೋರ್ಟೇ ನಕ್ಕಿತಂತೆ. ಅಪ್ಪ ಮಾತ್ರ ನಗಲಿಲ್ಲ. ಹೊರಗೆ ಹೋಗಿ, ಮರದ ಕೆಳಗೆ ಇಟ್ಟಿದ್ದ ಹಾರ್ನನ್ನು ಹೊತ್ತು ತಂದ.

"ಇದು ಕಳೆದುಹೋದ ಹಾರ್ನಾ?" ಅಂತ ನ್ಯಾಯಾಧೀಶರು ಕೇಳಿದರು.

"ಅಲ್ಲ ಸ್ವಾಮಿ. ಇದು ಅದರ ಜೋಡಿ. ಇದು ಒಂಟಿ ಆಗಿರೋದೇ ಸಾಕ್ಷಿ ಅಲ್ವರಾ?"

ನ್ಯಾಯಾಧೀಶರಿಗೆ ಏನನ್ನಿಸಿತೋ, ಅದಕ್ಕೊಂದು ನಂಬರು ಹಾಕಿಸಿ ದಾಖಲೆಗೆ ಸೇರಿಸಿಕೊಂಡರು. ಅಪ್ಪ ಗೆದ್ದವನ ಹಾಗೆ ಮನೆಗೆ ಬಂದ. ಮಾರನೆಯ ದಿನ ಯಾರೋ ಎಲೆ ಅಡಿಕೆ ತಂದಾಗಲೇ ಗೊತ್ತಾದದ್ದು, ದಾವೆ ಮುಗಿಯುವತನಕ ಹಾರ್ನ್ ಕೋರ್ಟಿನಲ್ಲೇ ಇರುತ್ತದೆ ಅಂತ. ಕಳೆದುಹೋದ ಒಂದು ಹಾರ್ನ್ ಕೇಳಲು ಹೋಗಿ, ಇದ್ದ ಇನ್ನೊಂದನ್ನೂ ತಾನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಸರ್ಕಾರದ ಕೈಗೆ ಒಪ್ಪಿಸಿ ಬಂದ ಮನುಷ್ಯ ನಮ್ಮಪ್ಪ!

ಇನ್ನು ಬೇಕಾದದ್ದು ಕಣ್ಣಾರೆ ಕಂಡ ಸಾಕ್ಷಿ. ಶಿಬಿರದ ಕಾವಲುಗಾರ ಚನ್ನಗಿರಿ ಕಡೆ ಕೆರೆಬಿಳಚಿಯಲ್ಲಿದ್ದಾನೆ ಅಂತ ಗೊತ್ತಾಗಿ ಅಪ್ಪ ಮೂರು ಸಲ ಹೋದ. ಮೂರು ಸಲವೂ ಅವನು ಊಟಕ್ಕೆ ಹಾಕಿ ಕಳಿಸಿದ. "ನೋಡೀನ್ರಿ. ಆದ್ರೆ ನಾನು ಸರ್ಕಾರದ ಸಂಬಳ ತಗೊಳ್ಳೋನು, ಹೆಂಗೆ ಹೇಳಲಿ?" ಅಂದ. ಅಪ್ಪ ಬಲವಂತ ಮಾಡಲಿಲ್ಲ. "ಪಾಪ, ಮಕ್ಕಳೊಂದಿಗ" ಅಂತ ಸುಮ್ಮನಾದ. ಸರ್ಕಾರವನ್ನು ಬಿಡದವನು ಸರ್ಕಾರದ ಕಾವಲುಗಾರನನ್ನು ಬಿಟ್ಟುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

"ನಾನು ಬಂದು ಹೇಳಲೇನಪ್ಪ? ನಾನೂ ಇದ್ದೆನಲ್ಲ" ಅಂದೆ.

"ಜಗಳೂರಿಂದ ಬರಾಕೆ ಬಸ್ ಚಾರ್ಜ್ ಯಾರು ಕೊಡ್ತಾರೆ?" ಅಂದ.

ಈ ಮಾತನ್ನು ಆಡಿದವನು ತಿಂಗಳು ತಿಂಗಳೂ ಜಗಳೂರಿಗೆ ಬಸ್ ಚಾರ್ಜ್ ಕೊಟ್ಟವನು. ಇಂಥವನಿಗೆ ಏನು ಹೇಳಬೇಕು?

ಹೀಗೇ ವಾಯಿದೆ ಮೇಲೆ ವಾಯಿದೆ ಬಿದ್ದು ಹತ್ತು ವರ್ಷವಾಯಿತು. ಕಳೆದ ಮಾಘದಲ್ಲಿ ಅಪ್ಪ ತೀರಿಕೊಂಡ. ಎರಡು ದಿನದ ಜ್ವರ, ಅಷ್ಟೆ. ಯಾರಿಗೂ ನೋಟೀಸು ಕೊಡಲಿಲ್ಲ.

ತಿಥಿ ಮುಗಿದ ಮೇಲೆ ವಕೀಲರಿಂದ ಕಾಗದ ಬಂತು. ತೊಂಬತ್ತು ದಿನದೊಳಗೆ ವಾರಸುದಾರರು ದಾವೆಗೆ ಸೇರದಿದ್ದರೆ ಅದು ಬಿದ್ದುಹೋಗುತ್ತದೆ. ತಮ್ಮ "ಬೀಳಲಿ ಬಿಡಕ್ಕ, ಸಾಕಾಗೈತೆ" ಅಂದ. ನನಗೂ ಹಾಗೇ ಅನ್ನಿಸಿತ್ತು. ಬೇಡ ಅಂತ ಹೇಳಿ, ಕೋರ್ಟಿನಲ್ಲಿರುವ ಹಾರ್ನ್ ಬಿಡಿಸಿಕೊಂಡು ಬರೋಣ ಅಂತಲೇ ಹೊನ್ನಾಳಿಗೆ ಹೋದೆ.

ವಕೀಲರು ಬೇಸರ ಮಾಡಿಕೊಳ್ಳಲಿಲ್ಲ. "ಆಗಲಿ ತಾಯಿ. ನೀವೊಬ್ಬರು ಬಂದು ಹೇಳಿದ್ರೆ ಯಾವಾಗಲೋ ಮುಗೀತಿತ್ತು. ನಾನು ಹತ್ತು ಸಲ ಹೇಳೀನಿ, ಮಗಳನ್ನ ಕರಸ್ರಿ ಅಂತ. ನಿಮ್ಮಪ್ಪಾರು ಕೇಳಲಿಲ್ಲ."

"ಬಸ್ ಚಾರ್ಜ್ ಅಂದಿರಬೇಕು."

"ಇಲ್ಲಮ್ಮ. 'ನನಗ ಸುಳ್ಳ ಅಂದಿದ್ದನ್ನ ಹೆಂಗೋ ತಡ್ಕೊಂಡೆ. ನಾಳೆ ನನ್ನ ಮಗಳನ್ನ ಕಟಕಟ್ಯಾಗ ನಿಲ್ಲಿಸಿ, ನನ್ನ ಎದುರಿಗೇ ಸುಳ್ಳಿ ಅಂದ್ರೆ ನಾನು ಕೇಳಲಾರೆ' ಅಂದಿದ್ರು. ನಿಮಗ ಹೇಳಬಾರದು ಅಂತ ಮಾತು ತಗೊಂಡಿದ್ರು."

ನನಗೆ ಸಿಟ್ಟು ಬಂತು. ಹತ್ತು ವರ್ಷ ನನ್ನ ಕೈಯಲ್ಲಿ ಎಲ್ಲಾ ಬರೆಸಿದವನು ಇದೊಂದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ವಾರಸುದಾರಳ ಅರ್ಜಿಗೆ ರುಜು ಮಾಡಿ, ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಬರೆಯಿರಿ ಅಂದೆ.

ವಕೀಲರು ಪೆನ್ನು ತೆಗೆದವರು ಬರೆಯದೆ ನಿಲ್ಲಿಸಿದರು. "ಪಾಟೀಸವಾಲು ಒರಟಾಗಿರ್ತದೆ ತಾಯಿ. ನಿಮಗೂ ಸುಳ್ಳಿ ಅಂತಾರೆ."

"ಅನ್ನಲಿ ಬಿಡ್ರಿ" ಅಂದೆ. "ಕೇಳಾಕೆ ಅಪ್ಪ ಇಲ್ಲಲ್ಲ."