ಕಮಿಟಿ ಬರ್ತೈತಿ, ಕಂಪ್ಯೂಟರ್ ಒರಸ್ರಿ

ನಮ್ಮ ವಿಶ್ವವಿದ್ಯಾಲಯದಾಗ ಒಂದು ಕಮಿಟಿ ಹುಟ್ಟಿತಂದ್ರ, ಅದಕ್ಕಿಂತ ಮೊದ್ಲ ಫಜೀತಿ ಬಂದು ಕುರ್ಚಿ ಹಿಡದು ಕುಂತಿರ್ತೈತಿ. ಈ ಸಲ ಅದು ನನ್ನ ಪಾಲಿಗೆ ಬಂತು. ನಾ ಅರ್ಥಶಾಸ್ತ್ರ ಕಲಿಸೋ ಆಕಿ. ಎಲ್ಲಾ ಕಾಲೇಜಿನಾಗ ಆನ್‌ಲೈನ್ ಪಾಠ ಹೆಂಗ ನಡದೈತಿ ಅಂತ ಪರಿಶೀಲನೆ ಮಾಡಬೇಕು, ಯೋಜನೆ ನೀವೇ ಹಾಕ್ರಿ ಅಂದ್ರು ಕುಲಸಚಿವರು. ಕೆಲಸಕ್ಕ ಬಾರದ ವಿಡಿಯೋ ಪಾಠ ಪಟ್ಟಿ ಮಾಡ್ರಿ, ಅಳಿಸಿ ಹಾಕೋಣ ಅಂತನೂ ಅಂದ್ರು.

ಲಾಕ್‌ಡೌನ್‌ನಾಗ ಗಾಂಧಿನಗರದ ನಮ್ಮ ಮನಿ ಪಡಸಾಲ್ಯಾಗ ಕುಂತು ಕಷ್ಟಪಟ್ಟು ಮಾಡಿದ ನನ್ನ ಪಾಠಗಳೂ ಅದರಾಗ ಇದ್ವು. ನಡುವ ನಮ್ಮತ್ತಿ ಪಲ್ಯ ಮಾರೋ ಆಕಿ ಜೋಡಿ ಚೌಕಾಸಿ ಮಾಡಿದ್ದು ಒಂದಕ್ಷರ ಬಿಡದಂಗ ಕೇಳಸ್ತಿತ್ತು. ನಾಚಿಕಿಂದ ಪಟ್ಟಿಯಾಗ ಮೊದಲನೇ ಹೆಸರು ನಂದೇ ಬರದೆ.

೧. ಫಾರಂ

ಮೊದ್ಲು ಎಲ್ಲಾ ವಿದ್ಯಾರ್ಥಿಗಳಿಗೆ ಆನ್‌ಲೈನ್ ಫಾರಂ ಕಳಿಸಿದ್ವಿ. ನಿಮ್ಮೂರಾಗ ನೆಟ್‌ವರ್ಕ್ ಐತೇನು ಅನ್ನೋದು ಮೊದಲ ಪ್ರಶ್ನೆ. ಬಂದ ಉತ್ತರ ಎಲ್ಲಾ ಐತಿ, ಐತಿ, ಐತಿ. ತೊಂದ್ರಿನೇ ಇಲ್ಲ ಅಂತ ಖುಷಿಲೆ ಬರಕೊಳ್ಳಾಕತ್ವಿ. ಚಹಾ ತಂದ ನಮ್ಮ ಅಟೆಂಡರ್ ಸಿರಿಗೇರಿಯವರು, ಹಿರೇರು. ಕಪ್ ಇಡ್ತಾ ಕೇಳಿದ್ರು: “ಮೇಡಂ, ನೆಟ್ ಇಲ್ಲದೋರು ಇಲ್ಲ ಅಂತ ಹೆಂಗ ಕಳಸ್ತಾರ್ರಿ?”

ಅವತ್ತಿಂದ ಅವರನ್ನ ಮೀಟಿಂಗಿನ್ಯಾಗ ಕುರ್ಚಿ ಹಾಕಿ ಕುಂದ್ರಸ್ತೀವಿ. ಚಹಾ ನಾವು ತರ್ತೀವಿ.

೨. ಸಿರುಗುಪ್ಪ

ಮನಿಮನಿ ಕೇಳಾಕ ಆಗೂದಿಲ್ಲ, ಕಾಲೇಜಿಗೇ ಹೋಗಿ ನೋಡೂಣು ಅಂತ ಸಿರುಗುಪ್ಪಕ್ಕ ಹೋದ್ವಿ. ಏನೂ ತಯಾರಿ ಬ್ಯಾಡ್ರಿ ಅಂತ ಮೊದ್ಲೇ ಫೋನ್ ಮಾಡಿದ್ದೆ. ಅದೇ ತಪ್ಪಾತು. ಬಾಗಲಿಗೆ ತೋರಣ, ಪ್ರಾಂಶುಪಾಲರ ಕೈಯಾಗ ಮಾಲಿ. ಕಂಪ್ಯೂಟರಿಗೆಲ್ಲಾ ಇಸ್ತ್ರಿ ಮಾಡಿದ ಬಟ್ಟಿ ಹೊದಿಸಿ, ಮ್ಯಾಲೆ ಕುಂಕುಮ ಹಚ್ಚಿದ್ರು. ಒಂದು ಚಾಲೂ ಮಾಡ್ರಿ ಸರ್ ಅಂದೆ. ಅವರ ಮುಖ ಸಣ್ಣದಾತು.

“ಚಂದ ಕಾಣಲಿ ಅಂತ ವೈರ್ ಎಲ್ಲಾ ಬಿಚ್ಚಿ, ಸುತ್ತಿ, ಕಪಾಟಿನ್ಯಾಗ ಇಟ್ಟೀವ್ರಿ.”

ಮತ್ತ ಹುಡುಗ್ರು ಪಾಠ ನೋಡೋದೆಲ್ಲಿ ಅಂತ ಹುಡುಕಿದ್ರ, ಹಿಂದ ಬೇವಿನ ಗಿಡದ ಕೆಳಗ ಒಂದು ಫೋನಿಗೆ ಆರು ತಲಿ ಕೂಡಿದ್ವು. ಅಲ್ಲಿ ಮಾತ್ರ ಸಿಗ್ನಲ್ ಬರ್ತೈತಂತ. ಪಾಪ, ಯಾರೂ ಹೇಳದಿದ್ರೂ ಕಲಿಯಾಕತ್ತಿದ್ರು. ಪಾಠ ಎಲ್ಲಿ ನೋಡ್ತೀರಿ ಅನ್ನೋ ಪ್ರಶ್ನೆಗೆ ಬೇವಿನ ಗಿಡ ಅಂತ ಇನ್ನೊಂದು ಕಾಲಂ ಸೇರಿಸಿದ್ವಿ.

೩. ಕುರುಗೋಡು

ಕುರುಗೋಡಿನಾಗ ಪಟ್ಟಿಯ ಪಾಠಗಳನ್ನ ಹುಡುಗ್ರಿಗೆ ತೋರಿಸಿ, ಇಡೋದೋ ಅಳಿಸೋದೋ ಕೇಳೋದಿತ್ತು. ಕುಲಸಚಿವರೂ ಬಂದಿದ್ರು. ಮೊದ್ಲು ನಂದೇ ಹಚ್ಚಿದ್ರು. ಪರದೆ ಮ್ಯಾಲೆ ನಾನು ಬದಲಿ ಸರಕು ಅಂದ್ರೇನು ಅಂತ ಹೇಳ್ತಿದ್ದೆ. ಹಿಂದಿಂದ ಅತ್ತಿ ದನಿ ಶುರುವಾತು. ಕುಲಸಚಿವರು ನನ್ನ ನೋಡಿದ್ರು, ನಾ ನೆಲ ನೋಡಿದೆ. ಅಷ್ಟರಾಗ ಇಡೀ ಕ್ಲಾಸು ಅತ್ತಿ ಜೋಡಿ ದನಿಗೂಡಿಸ್ತು:

“ಮೆಂತ್ಯ ಇಷ್ಟು ತುಟ್ಟಿ ಮಾಡಿದ್ರ ನಾ ಪುಂಡಿಪಲ್ಯ ತಗೋತೀನಿ, ಹೋಗವಾ.”

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತ್ಲು. ಎರಡು ಸಲ ಫೇಲಾಗಿದ್ಲಂತ, ಈ ಮಾತನ್ನೇ ಉದಾಹರಣೆ ಬರದು ಪಾಸಾದ್ಲಂತ. “ಮೇಡಂ ಹೇಳಿದ್ದು ಮರತೀನ್ರಿ, ಅಮ್ಮಾರು ಹೇಳಿದ್ದು ಮರಿಯಂಗಿಲ್ಲ. ಇದನ್ನ ಅಳಸಬ್ಯಾಡ್ರಿ ಸರ್.”

ನನಗ ನಗು, ಅಳು ಎರಡೂ ಬಂದ್ವು. ಕುಲಸಚಿವರು ಪಟ್ಟಿಯಿಂದ ನನ್ನ ಹೆಸರು ಹೊಡದು ಹಾಕಿ, ಮುಂದಿನ ಪಾಠನೂ ಮನಿಯಾಗ ಮಾಡ್ರಿ ಅಂದ್ರು.

ಮನಿಗೆ ಬಂದು ಅತ್ತಿ ಕಾಲಿಗೆ ಬಿದ್ದು ಎಲ್ಲಾ ಹೇಳಿದೆ. ಇಷ್ಟು ವರ್ಷ ಆ ದನಿಗೆ ಸಿಟ್ಟಾಗಿದ್ದೆ, ಅದೇ ನನ್ನ ಪಾಠ ಉಳಿಸಿತ್ತು. ಮರುದಿನ ಮುಂಜಾನೆ ಹೊಸಾ ಪಾಠಕ್ಕ ಫೋನ್ ಹಚ್ಚಿ ಕುಂತೆ. ತಿರುಗಿ ನೋಡಿದ್ರ ಅತ್ತಿ ಇಳಕಲ್ ಸೀರಿ ಉಟಗೊಂಡು ಬಾಗಲದಾಗ ನಿಂತಿದ್ರು, ಬಾಜೂಕ ಬುಟ್ಟಿ ಸಮೇತ ಪಲ್ಯದಾಕಿ.

“ನೀ ಶುರು ಮಾಡವಾ. ನಾವು ಯಾವಾಗ ಜಗಳಾಡಬೇಕು, ಅಷ್ಟು ಹೇಳು.”