ಯಾವ ಸ್ಟಾಪನ್ನೂ ಬಿಡದ ಮಾಮ

ನಮ್ಮ ಕಂಪನಿಯ ಜೀಪಿನಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಬ್ರೇಕು! ಕಾರಣ, ಅದನ್ನು ಓಡಿಸುವ ಡ್ರೈವರ್ ಮಾಮ. ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿ, ನಿವೃತ್ತನಾಗಿ ನಮ್ಮಲ್ಲಿಗೆ ಬಂದವನು. ಕೈಗೆ ಜೀಪು ಬಂದರೂ ಮನಸ್ಸು ಇನ್ನೂ ಬಸ್ಸಿನಿಂದ ಇಳಿದಿಲ್ಲ. ರಸ್ತೆ ಬದಿ ಯಾರಾದರೂ ನಿಂತಿದ್ದರೆ ಸಾಕು, ಗಾಡಿ ನಿಂತಿತೆಂದೇ ಲೆಕ್ಕ. ಅವರು ಕೈ ಮಾಡಿರಬೇಕೆಂದೇನೂ ಇಲ್ಲ, ತಲೆ ಕೆರೆದುಕೊಂಡಿದ್ದರೂ ನಡೆದೀತು!

ನಮ್ಮದು ಗಾಳಿ, ಬಿಸಿಲಿನಿಂದ ಕರೆಂಟು ಮಾಡುವ ಕಂಪನಿ. ಬಳ್ಳಾರಿಯಲ್ಲಿ ಬಿಸಿಲಿಗೆ ಬರವೇ? ನಾನು ಸೇರಿದಾಗ ಸತ್ಯನಾರಾಯಣಪೇಟೆಯ ಒಂದು ಮಹಡಿಯ ಮೇಲೆ ಎರಡೇ ಕೋಣೆ. ತಡವಾಗಿ ಬಂದವರಿಗೆ ಕುರ್ಚಿ ಇರುತ್ತಿರಲಿಲ್ಲ, ನಟ್ಟು ಬೋಲ್ಟಿನ ಪೆಟ್ಟಿಗೆಯೇ ಗತಿ. ಈಗ ಇಡೀ ಕಟ್ಟಡ ನಮ್ಮದು. ಸೋಮವಾರ ಬಂತೆಂದರೆ ಹೊಸ ಮುಖಗಳು. ಒಮ್ಮೆ ಬಾಗಿಲಲ್ಲಿ ನಿಂತವರನ್ನು ಯಾರು ಬೇಕಾಗಿತ್ತೆಂದು ಕೇಳಿದೆ. "ನೀವೇ" ಎಂದರು. ನೋಡಿದರೆ ನನ್ನ ಹೊಸ ಮ್ಯಾನೇಜರ್! ವಾಹನಗಳ ಉಸ್ತುವಾರಿ ನನ್ನದಾದ್ದರಿಂದ ಮಾಮನ ಮೇಲಿನ ದೂರುಗಳೂ ನನ್ನ ತಲೆಗೇ.

ಪುಣೆಯಿಂದ ಬಂದ ಎಂಜಿನಿಯರೊಬ್ಬರನ್ನು ಮಾಮ ಸಿರುಗುಪ್ಪ ಕಡೆಯ ಗಾಳಿ ಫ್ಯಾನುಗಳ ಹತ್ತಿರ ಕರೆದೊಯ್ದ. ಅಲ್ಲಿ ಮುಟ್ಟುವ ಹೊತ್ತಿಗೆ ಎಂಜಿನಿಯರರ ತೊಡೆಯ ಮೇಲೆ ಹಸಿಮೆಣಸಿನಕಾಯಿ ಗಂಟು, ಹೆಗಲ ಮೇಲೆ ನಿದ್ದೆ ಹೋದ ಅಜ್ಜಿಯ ತಲೆ! ತಮ್ಮ ಹೆಗಲು ಕಂಪನಿಯ ಆಸ್ತಿಯಲ್ಲವೆಂದು ಅವರು ಫೋನಿನಲ್ಲಿ ಗೋಳಾಡಿದರು. ಮಾಮನನ್ನು ಕೇಳಿದರೆ, ಸೀಟು ಖಾಲಿ ಒಯ್ಯಲು ತನಗೆ ನಾಚಿಕೆಯಾಗುತ್ತದಂತೆ.

ಮ್ಯಾನೇಜರ್ ಜೀಪಿಗೆ ಜಿಪಿಎಸ್ ಹಾಕಿಸಿದರು. ಇನ್ನು ಎಲ್ಲಿ ನಿಂತರೂ ಆಫೀಸಿಗೆ ಕಾಣುತ್ತದೆ ಎಂದು ನಾನು ಎಚ್ಚರಿಸಿದರೆ ಈ ಮನುಷ್ಯ ಹಿಗ್ಗಿಬಿಟ್ಟ.

"ಛಲೋ ಆತಮ್ಮ. ಗಾಡಿ ಎಲ್ಲೈತಿ ಅಂತ ಇನ್ನ ಯಾರೂ ಕೇಳಾಂಗಿಲ್ಲ."

ತಿಂಗಳಾಗುವುದರೊಳಗೆ ಕಂಪ್ಯೂಟರಿನಲ್ಲಿ ಕುರುಗೋಡು, ಸಿರುಗುಪ್ಪದ ರಸ್ತೆಗಳ ಮೇಲೆಲ್ಲ, ಮೈಮೇಲೆ ಅಮ್ಮ ಎದ್ದಂತೆ ಕೆಂಪು ಚುಕ್ಕಿ. ಮಾಮ ಗಾಡಿ ನಿಲ್ಲಿಸಿದಲ್ಲೆಲ್ಲ ಒಂದೊಂದು!

ಮ್ಯಾನೇಜರ್ ನನ್ನನ್ನು ಕರೆದು, ಬೇರೆ ಡ್ರೈವರ್ ನೋಡಿ, ಇವರಿಗೆ ನೀವೇ ಹೇಳಿಬಿಡಿ ಎಂದರು. ಕೆಲಸ ಹೋದರೆ ಮಾಮ ಏನು ಮಾಡಿಯಾನು? ನಿವೃತ್ತನಾದ ಹೊಸದರಲ್ಲಿ ಊಟಕ್ಕೆ ಕೂತರೆ ತಟ್ಟೆಯನ್ನೇ ಹಿಡಿದು ತಿರುಗಿಸುತ್ತಿದ್ದನೆಂದು ಅವನ ಹೆಂಡತಿ ಹೇಳಿದ್ದರು.

ಅಷ್ಟರಲ್ಲಿ ಮ್ಯಾನೇಜರ್ ಇನ್ನೊಂದು ತಲೆನೋವಿನ ಮಾತು ತೆಗೆದರು. ಹೊಸದಾಗಿ ಸೇರಿದ ಹಳ್ಳಿಯ ಹೆಣ್ಣುಮಕ್ಕಳು ಹೊತ್ತಿಗೆ ಬಸ್ಸು ಸಿಗದೆ ಕೆಲಸ ಬಿಡುತ್ತಿದ್ದಾರೆ. ಕಂಪನಿಯದೇ ಬಸ್ಸು ಬಿಡಬೇಕು. ಜನ ಎಲ್ಲೆಲ್ಲಿ ಕಾಯುತ್ತಾರೋ ಮೊದಲು ಸರ್ವೆ ಮಾಡಿಸಬೇಕು.

ನಾನು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. "ಸರ್ವೆ ಆಗೈತಿ ಸಾರ್."

ಅವರು ಕೆಂಪು ಚುಕ್ಕಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಗಂಭೀರವಾಗಿ, "ಇವರಿಗೆ ಬಸ್ಸು ಓಡಿಸಲು ಬರುತ್ತದೆಯೇ?" ಎಂದು ಕೇಳಿದರು. ಸದ್ಯ, ನನಗೆ ಹೋದ ಜೀವ ಬಂದಂತಾಯಿತು!

ಹೊರಗೆ ಓಡಿ ಮಾಮನಿಗೆ ಸುದ್ದಿ ಹೇಳಿದೆ. ಆ ಖುಷಿಯಲ್ಲಿ ಇಷ್ಟು ದಿನ ಹೇಳದೇ ಇದ್ದುದನ್ನೂ ಹೇಳಿದೆ. ನಾನು ಕುರುಗೋಡಿನವಳು. ಪರೀಕ್ಷೆಯ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ ನನಗಾಗಿ, ಜನರೆಲ್ಲ ಬೈಯುತ್ತಿದ್ದರೂ ಬಸ್ಸು ನಿಲ್ಲಿಸಿಕೊಂಡಿದ್ದವನು ಇವನೇ. ಮನೆಯಲ್ಲಿ ಆಗಲೇ ಗಂಡು ನೋಡಿಟ್ಟಿದ್ದರು. ಆ ಬಸ್ಸು ತಪ್ಪಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ನೆನಪಿದೆಯೇ ಎಂದು ಕೇಳಿದೆ.

ಮಾಮ ತಲೆ ಕೆರೆದುಕೊಂಡ. "ಇಲ್ಲಮ್ಮ. ಓಡಿ ಬರೋರು ದಿನಾ ಯಾರರ ಒಬ್ರು ಇರ್ತಿದ್ರು. ಎಲ್ಲಾರ್ನೂ ಎಲ್ಲಿ ನೆನಪಿಡಾಕ ಆಕ್ಕೈತಿ?"

ಹೊಸ ಬಸ್ಸಿನ ಮೊದಲ ದಿನ ನಾನೇ ತಡ! ಕುರುಗೋಡಿನ ನಮ್ಮ ಓಣಿಯಿಂದ ಏದುಸಿರು ಬಿಡುತ್ತ ಓಡಿ ಬಂದರೆ ಬಸ್ಸು ನಿಂತಿತ್ತು. ಮೊದಲ ದಿನವೆಂದು ತಾವೂ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ ಮ್ಯಾನೇಜರ್ ಗಡಿಯಾರ ನೋಡಿಕೊಂಡು ಹೊರಡಿ, ಹೊರಡಿ ಎನ್ನುತ್ತಿದ್ದರು. ಮಾಮನ ದನಿ ಕಿಟಕಿಯಿಂದ ಕೇಳಿಸಿತು.

"ತಡೀರಿ ಸಾರ್, ಹುಡುಗಿ ಓಡಿ ಬರಾಕತ್ತಾಳ."

ಹುಡುಗಿಯಂತೆ! ನಾನೋ ಎರಡು ಮಕ್ಕಳ ತಾಯಿ. ನಗಬೇಕೆಂದರೆ ಕಣ್ಣು ತುಂಬಿ ಬಂತು. ನಾನು ಹತ್ತಿ ಕೂತ ಮೇಲೆಯೇ ಬಸ್ಸು ಹೊರಟಿತು.