ಅನಾನಸ್ ಚಿತ್ರಾನ್ನವೂ ‘ಮೀರು’ ಎಂಬ ಪದದ ಮಹಾಸಮರವೂ

ಆಲಿಸಿರಿ, ಉಂಡು ತೇಗಿದ ಸಜ್ಜನರೇ! ಒಗ್ಗರಣೆಯ ಧೂಮ ಗಗನವನ್ನು ಮುಸುಕಿದ್ದ, ಕುಕ್ಕರುಗಳು ರಣಶಂಖಗಳಂತೆ ಮೊಳಗುತ್ತಿದ್ದ ಪುಣ್ಯಯುಗದಲ್ಲಿ, ಅರಕಲಗೂಡಿನ ಮಹಿಳಾ ಸಮಾಜದಲ್ಲಿ ಚಿತ್ರಾನ್ನ ಸ್ಪರ್ಧೆಯೆಂಬ ಘನಘೋರ ಸಮರ ಜರುಗಿತು. ಪೂರ್ವಜರು ವಿಧಿಸಿದ ನಿಂಬೆಹುಳಿಯನ್ನು ತೃಣಸಮಾನವೆಂದು ತ್ಯಜಿಸಿ ಅನಾನಸ್ ಹೆಚ್ಚಿ ಹಾಕಿದ ಧೀರೆ, ತಪ್ತತೈಲಬಿಂದುಸಹಿಷ್ಣು ವಿಮಲಾಂಬೆ, ತೀರ್ಪುಗಾರರ ಚೀಟಿಯನ್ನು ಬಿಡಿಸಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆಯ ಅಡುಗೆಗೆ ದೊರೆತ ಮೊದಲ ಲಿಖಿತ ಅಭಿಪ್ರಾಯ ಅದು: ‘ಸಂಪ್ರದಾಯವನ್ನು ಮೀರಿದೆ.’

“ನೋಡಿದ್ಯಾ ರತ್ನ? ಗುರುನ ಮೀರಿದ ಶಿಷ್ಯ ಅಂತಾರಲ್ಲ, ಹಾಗೆ! ಹಿಂದಿನೋರನ್ನೆಲ್ಲ ದಾಟಿಬಿಟ್ಟಿದೀನಿ!”

ಆಕೆಯ ನಾದಿನಿ, ಪರಂಪರಾರಕ್ಷಣಬದ್ಧಕಂಕಣೆ ರತ್ನಪ್ರಭೆ, ಸಿಂಹಿಣಿಯಂತೆ ಗರ್ಜಿಸಿದಳು. “ಮಾತು ಮೀರಿದ, ಮಿತಿ ಮೀರಿದ ಅಂತಾನೂ ಅಂತಾರೆ ಅತ್ತಿಗೆ. ಇದು ಬೈಗುಳ!”

“ಬೈಗುಳ ಆದ್ರೆ ಈ ಜನ್ಮದಲ್ಲಿ ಒಲೆ ಹಚ್ಚಲ್ಲ!”

“ಹೊಗಳಿಕೆ ಆದ್ರೆ ನಾನು ಸಾಯೋವರೆಗೂ ಅನಾನಸ್ಸೇ ತಿಂತೀನಿ!”

ಭೀಷಣ ಪ್ರತಿಜ್ಞೆಗಳನ್ನು ಕೇಳಿ ಕುರ್ಚಿಗಳು ಕಂಪಿಸಿದವು. ಸ್ತ್ರೀಸೇನೆ ಇಬ್ಭಾಗವಾಯಿತು. ಯಾರೋ ಕಪಾಟಿನಿಂದ ನಿಘಂಟೆಂಬ ಬ್ರಹ್ಮಾಸ್ತ್ರವನ್ನೇ ತಂದರು. ‘ದಾಟು, ಅತಿಕ್ರಮಿಸು, ಉಲ್ಲಂಘಿಸು, ಮಿಗಿಲಾಗು’ ಎಂದು ಓದಲಾಯಿತು. ಹಾ! ಆ ಮಹಾಗ್ರಂಥವೇ ಉಭಯಪಕ್ಷದಲ್ಲೂ ನಿಂತು ತನ್ನ ಮೇಲೆ ತಾನೇ ಬಾಣ ಬಿಟ್ಟುಕೊಂಡಿತು. ವಿಮಲಾಂಬೆ ‘ಮಿಗಿಲಾಗು’ ಎಂಬ ಸಾಲಿನ ಮೇಲೆ ಬೆರಳೊತ್ತಿ ನಿಂತಳು. ರತ್ನಪ್ರಭೆ ‘ಉಲ್ಲಂಘಿಸು’ ಎಂಬುದರಿಂದ ಬೆರಳು ತೆಗೆಯಲಿಲ್ಲ. ಪುಟ ಹರಿಯಿತು.

ಕೊನೆಗೆ ತೀರ್ಪುಗಾರರನ್ನೇ ಹಿಡಿದು ತಂದರು. ನಿವೃತ್ತ ಕನ್ನಡ ಪಂಡಿತ, ವ್ಯಾಕರಣವನವಿಹಾರಿ ಪುಟ್ಟಶಾಮಯ್ಯ ಮೇಷ್ಟ್ರು ಕೈಯಲ್ಲಿದ್ದ ನೀರಿನ ಲೋಟವನ್ನು ಬಿಡದೆ ಬಂದರು.

“ಹೇಳಿ ಮೇಷ್ಟ್ರೇ, ಮೀರಿದೆ ಅಂದ್ರೆ ಹೊಗಳಿದ್ದೋ, ಬೈದಿದ್ದೋ?” ವಿಮಲಾಂಬೆ ಚೀಟಿಯನ್ನು ಅವರ ಮುಖಕ್ಕೆ ಹಿಡಿದಳು.

ಮೇಷ್ಟ್ರು ಒಂದು ಗುಟುಕು ನೀರು ಕುಡಿದರು. ಇನ್ನೊಂದು ಗುಟುಕು ಕುಡಿದರು.

“ಎರಡೂ ಅಲ್ಲ ಕಣಮ್ಮ. ಉಪ್ಪು ಜಾಸ್ತಿ ಆಗಿತ್ತು. ಹಾಗೇ ಬರೆದ್ರೆ ನೊಂದ್ಕೋತೀಯ ಅಂತ…”

ರತ್ನಪ್ರಭೆ ಚಿತ್ರಾನ್ನದ ಪಾತ್ರೆಗೆ ಬೆರಳದ್ದಿ ನೆಕ್ಕಿದಳು. ವಿಮಲಾಂಬೆಯೂ ನೆಕ್ಕಿದಳು. ಇಬ್ಬರೂ ಏಕಕಾಲಕ್ಕೆ ಮುಖ ಕಿವುಚಿದರು.

“ಒಂದು ಪಾವು ಬರಿ ಅನ್ನ ಬೆರೆಸಿದ್ರೆ ಸರಿಹೋಗುತ್ತೆ, ಇರಿ ಅತ್ತಿಗೆ,” ಎಂದು ರತ್ನಪ್ರಭೆ ಸೆರಗು ಸಿಕ್ಕಿಸಿಕೊಂಡು ಅನ್ನ ಹುಡುಕಲು ಹೊರಟಳು.